ಹಟಮಾರಿ ಪೇಶಂಟ್ ಬೇಕಾಗಿದ್ದಾರೆ

“ಗುಡ್ ಈವ್ನಿಂಗ್. ಮೈ ನೇಮ್ ಈಸ್ ನಸ್ರೀನ. ಹೌ ಆರ್ ಯೂ ಫೀಲಿಂಗ್ ಟುಡೇ?”

ಹೊರಸಿನ ಮೇಲೆ ಮಲಗಿದ್ದ ಸುಲತಾನಾ ಒಂದೇ ಕಣ್ಣು ತೆರೆದಳು. ದಾದಿಯ, ಅಂದರೆ ಅಜ್ಜಿಯ, ಹಳೆಯ ಓಢಣಿಯನ್ನು ತಲೆಗೆ ಪಟ್ಟಿಯಂತೆ ಸುತ್ತಿಕೊಂಡಿದ್ದಳು. ಅವಳೀಗ ಪೇಶಂಟ್. ಎದುರಿಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತವಳು ಅವಳ ಆಪಾ, ಅಂದರೆ ಅಕ್ಕ ನಸ್ರೀನ.

“ಫೈನ್, ಥ್ಯಾಂಕ್ಯೂ,” ಎಂದಳು ಸುಲತಾನಾ.

ನಸ್ರೀನ ಕೈಯಲ್ಲಿದ್ದ ಕಾರ್ಡಿನಿಂದ ಹಣೆ ಬಡಿದುಕೊಂಡಳು.

“ಏ ಹುಚ್ಚಿ! ಪೇಶಂಟ್ ಫೈನ್ ಅಂದ್ರ ನರ್ಸ್ ಮುಂದ ಏನ್ ಮಾತಾಡಬೇಕು? ನಿನಗ ಹೊಟ್ಟಿ ನೋವು ಅದ. ಕಾರ್ಡಿನ್ಯಾಗ ಬರದದ ನೋಡು. ನೀ ಅಳಬೇಕು, ಸಿಟ್ಟಿಗೇಳಬೇಕು, ಗುಳಿಗಿ ಒಲ್ಲೆ ಅನಬೇಕು.”

“ಹೊಟ್ಟಿ ನೋವು ಸ್ವಲ್ಪ ಅದ. ಆದ್ರ ಫೈನ್.”

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಮ್ಮಿ ಕಿಸಕ್ಕನೆ ನಕ್ಕಳು. ನಸ್ರೀನಳಿಗೆ ಮಾತ್ರ ನಗು ಬರಲಿಲ್ಲ.

ನಸ್ರೀನ ಜತ್ತದ ಒಂದು ದವಾಖಾನೆಯಲ್ಲಿ ನರ್ಸ್. ಬೆಳಿಗ್ಗೆ ಎಸ್‌ಟಿ ಬಸ್ಸಿಗೆ ಹೋದರೆ ಸಂಜೆ ತಮ್ಮೂರು ವಳಸಂಗಕ್ಕೆ ಮರಳುತ್ತಾಳೆ. ಐರ್ಲೆಂಡ್ ಎಂಬ ದೇಶದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬುದು ಅವಳ ಬಹಳ ದಿನಗಳ ಆಸೆ. ಅಲ್ಲಿಗೆ ಹೋಗಬೇಕಾದರೆ ನರ್ಸುಗಳಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು, ಕೇಳಿ ಉತ್ತರಿಸುವುದು ಎಲ್ಲದರಲ್ಲೂ ಹೋದ ಸಲವೇ ಒಳ್ಳೆಯ ಮಾರ್ಕ್ಸ್ ಬಂದಿದ್ದವು. ಮಾತಾಡುವ ಪರೀಕ್ಷೆ ಮಾತ್ರ ಕೈಕೊಟ್ಟಿತ್ತು.

ಆ ಮಾತಿನ ಪರೀಕ್ಷೆ ಒಂದು ಪುಟ್ಟ ನಾಟಕದ ಹಾಗೆ. ಒಬ್ಬರು ಮೇಡಮ್ ಪೇಶಂಟ್ ಆಗಿ ಕೂರುತ್ತಾರೆ. ಪರೀಕ್ಷೆಗೆ ಬಂದವಳು ನರ್ಸ್ ಆಗಿ ಅವರನ್ನು ಮಾತಾಡಿಸಬೇಕು, ಸಮಾಧಾನ ಮಾಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿ.

“ಆ ಮೇಡಮ್ ಅಳೋರಂಗ ಮಾಡಿ ‘ನನಗ ಆಪರೇಶನ್ ಬ್ಯಾಡ’ ಅಂದ್ರು. ನಮ್ಮ ದವಾಖಾನಿಗೆ ಬರೋರು ಯಾರೂ ಹಂಗ ಅನ್ನಂಗಿಲ್ಲ. ನನಗ ಏನ್ ಮಾಡಬೇಕೋ ತಿಳೀಲಿಲ್ಲ. ಬಾಯಿಪಾಠ ಮಾಡಿದ್ದು ಗಡಗಡ ಒಪ್ಪಿಸಿ ಎದ್ದು ಬಂದೆ,” ಎಂದು ನಸ್ರೀನ ಅಂದು ಮನೆಯಲ್ಲಿ ಹೇಳಿಕೊಂಡಿದ್ದಳು.

ಮತ್ತೊಮ್ಮೆ ಪರೀಕ್ಷೆ ಹತ್ತಿರ ಬಂದಿತ್ತು. ಅವಳಿಗೀಗ ಬೇಕಾಗಿದ್ದುದು ಒಬ್ಬ ಹಟಮಾರಿ ಪೇಶಂಟ್. ಆದರೆ ವಳಸಂಗದಲ್ಲಿ ಅಂಥ ಪೇಶಂಟನ್ನು ಹುಡುಕುವುದೆಂದರೆ ಸುಲಭದ ಮಾತಲ್ಲ. ಇಲ್ಲಿ ಯಾರನ್ನಾದರೂ “ಆರಾಮ?” ಎಂದು ಕೇಳಿ ನೋಡಿ. “ಆರಾಮ ಅದೀನ್ರಿ” ಎಂದೇ ಉತ್ತರ ಬರುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಂಟುತ್ತಾ ಹೋಗುವವರೂ ಆರಾಮ. ಜ್ವರದಲ್ಲಿ ಕಂಬಳಿ ಹೊದ್ದು ನಡುಗುವವರೂ ಆರಾಮ. ಕೇಳಿದವರಿಗೆ ಯಾಕೆ ಸುಮ್ಮನೆ ತ್ರಾಸ ಕೊಡಬೇಕು ಎಂಬುದು ಎಲ್ಲರ ಲೆಕ್ಕ.

ಮೊದಲು ದಾದಿ ಪೇಶಂಟ್ ಆದಳು. ದಾದಿಯ ಹೆಸರು ಹಜರಾಬಿ. ಅವಳ ಮೊಣಕಾಲು ನೋವು ಇಡೀ ಓಣಿಗೆ ಗೊತ್ತು.

“ನೀ ಕನ್ನಡದಾಗ ಮಾತಾಡು ದಾದಿ. ನಾ ಇಂಗ್ಲಿಷಿನ್ಯಾಗ ಕೇಳ್ತೀನಿ. ಈಗ ಮೊಣಕಾಲ ಹ್ಯಾಂಗದ?” ಎಂದಳು ನಸ್ರೀನ.

“ಆರಾಮ ಅದ ಬೇಟಾ. ನೀ ಚಾ ಕುಡದಿ ಇಲ್ಲೋ?” ಎಂದಳು ದಾದಿ.

ಮರುದಿನ ಅಮ್ಮಿಯನ್ನು ಮಲಗಿಸಿದರು. ಹಾಲು ಉಕ್ಕಿತೆಂದು ಪೇಶಂಟ್ ಎದ್ದು ಓಡಿಬಿಟ್ಟಳು. ಅಬ್ಬಾ ಕಾಸೀಂಸಾಬನದು ಗುಡ್ಡಾಪುರದ ದಾನಮ್ಮನ ಗುಡಿಯ ಮುಂದೆ ಬಳೆ ಅಂಗಡಿ. ಹೆಣ್ಣುಮಕ್ಕಳ ಕೈಗೆ ನೋವಾಗದಂತೆ ಬಳೆ ಏರಿಸುತ್ತಾ ಸಮಾಧಾನದ ಮಾತಾಡಿ ಅವನಿಗೆ ರೂಢಿ. ಹಾಗಾಗಿ ಹೊರಸಿನ ಮೇಲೆ ಮಲಗಿ ನರ್ಸಿಗೇ ಸಮಾಧಾನ ಹೇಳತೊಡಗಿದ. “ಗಾಬರಿ ಆಗಬ್ಯಾಡ ಬೇಟಾ, ಪಾಸ್ ಆಗ್ತಿ.”

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ರುಕ್ಮವ್ವನನ್ನೂ ಬಿಡಲಿಲ್ಲ. ಆಕೆ ಮಲಗಲು ಒಪ್ಪಲೇ ಇಲ್ಲ.

“ಅಯ್ಯ, ಹಗಲ ಹೊತ್ತಿನ್ಯಾಗ ಇನ್ನೊಬ್ಬರ ಮನ್ಯಾಗ ಮಲಗ್ಲೇನು? ನನಗೇನ್ ಆಗ್ಯಾದ ಯವ್ವಾ? ಆರಾಮ ಅದೀನಿ. ಹೆಪ್ಪು ಕೊಡು, ಹೋಗ್ತೀನಿ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ದಾದಿಯೇ ತೀರ್ಪು ಕೊಟ್ಟಳು. “ಈ ಮನ್ಯಾಗ ಹಟ ಅಂದ್ರ ಒಬ್ಬಾಕಿದೇ. ಸುಲತಾನಾನ್ನ ಮಲಗಸ್ರಿ.”

ಹಾಗೆ ಸುಲತಾನಾ ಪೇಶಂಟ್ ಆದದ್ದು. ಹಟ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ತಲೆಗೆ ಎಣ್ಣೆ ಹಚ್ಚುವಾಗ, ಬದನೆಕಾಯಿ ಪಲ್ಯ ಬಡಿಸುವಾಗ ಅವಳ ಹಟ ನೋಡಬೇಕು. ಇಂಗ್ಲಿಷ್ ಕೂಡ ಸಾಲೆಯಲ್ಲಿ ಐದನೇ ಇಯತ್ತೆ ಓದುವ ಹುಡುಗಿಗೆ ಸಾಕಾಗುವಷ್ಟು ಬರುತ್ತಿತ್ತು. ಆದರೂ ದಿನಾಲೂ ಅದೇ ಉತ್ತರ. ಫೈನ್, ಥ್ಯಾಂಕ್ಯೂ.

ಮಿಕ್ಕವರಿಗೆ ಹಟ ಮಾಡಲು ಬರುತ್ತಿರಲಿಲ್ಲ. ಸುಲತಾನಾಳಿಗೆ ಮಾಡಲು ಮನಸ್ಸಿರಲಿಲ್ಲ. ಕಾರಣ ಅವಳೊಬ್ಬಳಿಗೇ ಗೊತ್ತಿತ್ತು.

ಆಗಿದ್ದಿಷ್ಟು. ಒಂದು ದಿನ ಸಾಲೆಯಲ್ಲಿ ಬಿಸಿಯೂಟ ಮಾಡುವಾಗ ಗೆಳತಿ ಸೋನಾಲಿ ಕೇಳಿದ್ದಳು, “ನಿಮ್ಮ ಆಪಾ ಪಾಸ್ ಆದ್ರ ವಿಮಾನದಾಗ ಹೋಗ್ತಾಳೇನ?”

“ಹೂಂ ಮತ್ತ! ಐರ್ಲೆಂಡಿಗೆ ಬಸ್ ಹೋಗ್ತದೇನ?” ಎಂದಿದ್ದಳು ಸುಲತಾನಾ ಜಂಬದಿಂದ.

“ಸಂಜಿಗೆ ತಿರುಗಿ ಬರಂಗಿಲ್ಲ ಅಲಾ?”

ಸುಲತಾನಾಳ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು. ವಿಮಾನ, ಐರ್ಲೆಂಡ್, ಅಲ್ಲಿಂದ ಬರುವ ಚಾಕೊಲೇಟ್, ಎಲ್ಲವನ್ನೂ ಅವಳು ಯೋಚಿಸಿದ್ದಳು. ಸಂಜೆಯ ಬಸ್ಸಿನಿಂದ ಆಪಾ ಇಳಿಯುವುದಿಲ್ಲ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಫೈನ್ ಬಿಟ್ಟು ಬೇರೆ ಮಾತು ಬರಲಿಲ್ಲ. ಒಳ್ಳೆಯ ಪೇಶಂಟ್ ಸಿಗದಿದ್ದರೆ ಆಪಾ ಪಾಸಾಗುವುದಿಲ್ಲ. ಪಾಸಾಗದಿದ್ದರೆ ಹೋಗುವುದಿಲ್ಲ. ಲೆಕ್ಕವೇನೋ ಸರಿಯಾಗಿತ್ತು. ಆದರೆ ಹಾಗೆ ಲೆಕ್ಕ ಹಾಕಿದಾಗಲೆಲ್ಲ ಅವಳಿಗೆ ಆಪಾಳ ಮುಖ ನೋಡಲು ಆಗುತ್ತಿರಲಿಲ್ಲ.

ಪರೀಕ್ಷೆಗೆಂದು ಪುಣೆಗೆ ಹೊರಡುವ ದಿನ ಹತ್ತಿರವಾಯಿತು. ಆ ಭಾನುವಾರ ನಸ್ರೀನ ಹೊಸ ಕಾರ್ಡು ತೆಗೆದಳು. ಅವಳ ಮುಖ ಬಾಡಿತ್ತು.

“ಇದು ಕಡೀದು, ಸುಲ್ತೂ. ನೀ ಒಬ್ಬ ಮುದುಕಿ. ನಿನಗ ದೊಡ್ಡ ದವಾಖಾನಿಗೆ ಕಳಸಬೇಕಾಗ್ಯಾದ. ಮನಿ ಬಿಟ್ಟು ಹೋಗ್ಲಾಕ ನೀ ಒಲ್ಲೆ ಅಂತಿ. ಇವತ್ತಾದ್ರೂ ಸ್ವಲ್ಪ ಹಟ ಮಾಡು.”

ಸುಲತಾನಾ ಓಢಣಿ ಸುತ್ತಿಕೊಂಡು ಮಲಗಿದಳು.

“ಗುಡ್ ಈವ್ನಿಂಗ್. ಯೂ ಹ್ಯಾವ್ ಟು ಗೋ ಟು ದ ಬಿಗ್ ಹಾಸ್ಪಿಟಲ್,” ಎಂದಳು ನಸ್ರೀನ.

ಫೈನ್ ಎನ್ನಲೆಂದೇ ಸುಲತಾನಾ ಬಾಯಿ ತೆರೆದಳು. ಬಂದದ್ದು ಬೇರೆ.

“ನೋ.”

ನಸ್ರೀನ ಹುಬ್ಬೇರಿಸಿದಳು. “ಇಟ್ ಈಸ್ ಫಾರ್ ಯುವರ್ ಗುಡ್.”

“ನೋ! ನೋ ಗೋ! ಹೋಮ್ ಈಸ್ ಗುಡ್!”

“ಐ ಅಂಡರ್‌ಸ್ಟ್ಯಾಂಡ್ ಯುವರ್ ಕನ್ಸರ್ನ್,” ಎಂದು ನಸ್ರೀನ ಬಾಯಿಪಾಠದ ಸಾಲು ಒಪ್ಪಿಸಿದಳು.

“ಯೂ ನಾಟ್ ಅಂಡರ್‌ಸ್ಟ್ಯಾಂಡ್!” ಸುಲತಾನಾ ಎದ್ದು ಕುಳಿತಳು. ಓಢಣಿ ಕಳಚಿ ಬಿತ್ತು. “ಯೂ ಗೋ, ಐ ಅಲೋನ್! ನಿನಗ ಏನೂ ತಿಳಿಯಂಗಿಲ್ಲ!”

ಹಾಗೆಂದವಳೇ ಅಳತೊಡಗಿದಳು. ಅದು ನಾಟಕದ ಅಳುವಾಗಿರಲಿಲ್ಲ. ಮೂಗಿನಿಂದ ನೀರು ಸುರಿಯುವ ಅಸಲಿ ಅಳು.

ನಸ್ರೀನ ಕಾರ್ಡನ್ನು ನೆಲಕ್ಕಿಟ್ಟಳು. ಸ್ಟೂಲನ್ನು ಹೊರಸಿನ ಹತ್ತಿರ ಎಳೆದುಕೊಂಡಳು. ತಂಗಿಯ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ, ಒಂದೊಂದೇ ಮಾತು ಹುಡುಕಿಕೊಳ್ಳುತ್ತಾ ಕೇಳಿದಳು.

“ವಾಟ್ ಆರ್ ಯೂ ಅಫ್ರೇಡ್ ಆಫ್? ಟೆಲ್ ಮಿ. ಐ ಆಮ್ ಹಿಯರ್.”

ಅಫ್ರೇಡ್ ಎಂದರೆ ಹೆದರಿಕೆ. ಸುಲತಾನಾಳ ಇಂಗ್ಲಿಷ್ ಪುಸ್ತಕದಲ್ಲಿ ನಾಯಿಗೆ ಹೆದರುವ ಮೊಲದ ಪಾಠವೊಂದಿತ್ತು.

“ನನ್ನ ಜಡಿ ಯಾರ ಹಾಕ್ತಾರ?” ಎಂದು ಬಿಕ್ಕಿದಳು ಅವಳು. “ದಾದಿ ಹಾಕಿದ್ರ ಒಂದು ಮ್ಯಾಲ, ಒಂದು ಕೆಳಗ ಆಗ್ತದ. ಸಂಜಿ ಬಸ್ ಬಂದಾಗ ನಾ ಯಾರನ್ನ ನೋಡ್ಲಿ? ಅಲ್ಲಿ ಎಲ್ಲಾರೂ ಹೊಸಬರು. ನೀ ಅವ್ರನ್ನೇ ಮಾತಾಡಿಸ್ಕೋತ ನನ್ನ ಮರತಬಿಡ್ತಿ.”

“ನೋ,” ಎಂದಳು ನಸ್ರೀನ. “ಐ ಆಮ್ ಆಲ್ಸೋ ಅಫ್ರೇಡ್, ಸುಲತಾನಾ. ದೇರ್, ನೋಬಡಿ ನೋಸ್ ಮಿ. ನೋ ಅಮ್ಮಿ. ನೋ ದಾದಿ. ನೋ ಸುಲ್ತೂ. ಆದ್ರ... ಬಟ್, ಐ ವಾಂಟ್ ಟು ಟ್ರೈ.”

ಸುಲತಾನಾಳ ಅಳು ಥಟ್ಟನೆ ನಿಂತಿತು. ಆಪಾಳಿಗೂ ಹೆದರಿಕೆಯೇ? ದಿನಾ ಸೂಜಿ ಚುಚ್ಚುವ, ರಕ್ತ ನೋಡಿದರೂ ಅಂಜದ ಆಪಾಳಿಗೆ? ಇದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಕಳಚಿ ಬಿದ್ದ ಓಢಣಿಯ ಒಂದು ತುದಿಯಿಂದ ಮೂಗು ಒರೆಸಿಕೊಂಡು, ಇನ್ನೊಂದು ತುದಿಯನ್ನು ಆಪಾಳ ಕೈಗೆ ಕೊಟ್ಟಳು.

“ಆಪಾ, ನಾ ಬೇಕಂತ್ಲೇ ಫೈನ್ ಅಂತಿದ್ದೆ,” ಎಂದಳು ತಲೆ ತಗ್ಗಿಸಿ. “ನೀ ಹೋಗಬಾರ್ದು ಅಂತ.”

“ಹೌದು?” ನಸ್ರೀನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. “ಮತ್ತ ಇವತ್ತ ಯಾಕ ಬಿಟ್ಟಿ?”

“ಗೊತ್ತಿಲ್ಲ. ಬಾಯಿಗೆ ಬಂತು.”

“ನನಗೂ ಹಂಗೇ. ಈಗ ನಾ ಮಾತಾಡಿದ್ದು ಒಂದೂ ಬಾಯಿಪಾಠ ಮಾಡಿದ್ದಲ್ಲ.”

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಳಿಕ ಸುಲತಾನಾ ಓಢಣಿಯನ್ನು ಮತ್ತೆ ತಲೆಗೆ ಸುತ್ತಿಕೊಂಡು ದೊಪ್ಪನೆ ಮಲಗಿದಳು.

“ಇನ್ನೊಮ್ಮೆ ಕೇಳು. ಈ ಸಲ ನೀರಿನ ತಂಬಗಿ ಒಗೀತೀನಿ.”

ಹೊರಡುವ ತನಕ ದಿನಾ ಸಂಜೆ ಆ ಮನೆಯಲ್ಲಿ ಗದ್ದಲವೋ ಗದ್ದಲ. ಪೇಶಂಟ್ ಗುಳಿಗೆ ಉಗುಳಿದಳು. ಹೊರಸಿನ ಕೆಳಗೆ ಅಡಗಿಕೊಂಡಳು. ಡಾಕ್ಟರಿಗೆ ಹೇಳಿ ನರ್ಸಿನ ನೌಕರಿ ತೆಗೆಸುತ್ತೇನೆ ಎಂದಳು. “ಇಂಥಾ ಗಿರಾಕಿ ನನಗ ಸಿಕ್ಕಿದ್ರ ನಾ ಬಳಿ ಅಂಗಡಿ ಮುಚ್ತಿದ್ದೆ,” ಎಂದು ಅಬ್ಬಾ ಕೈಮುಗಿದ.

ಪರೀಕ್ಷೆ ಮುಗಿದ ಕೂಡಲೇ ಪುಣೆಯಿಂದ ಫೋನ್ ಬಂತು. ನಸ್ರೀನ ಮೊದಲು ಕೇಳಿದ್ದೇ ಸುಲತಾನಾಳನ್ನು.

“ಸುಲ್ತೂ, ಈ ಸಲಾನೂ ಆ ಮೇಡಮ್ ಒಲ್ಲೆ ಅಂತ ಹಟ ಹಿಡದ್ರು. ‘ಯೂ ಡೋಂಟ್ ಅಂಡರ್‌ಸ್ಟ್ಯಾಂಡ್’ ಅಂದ್ರು. ಥೇಟ್ ನಿನ್ನಂಗ!”

“ನೀ ಏನ್ ಅಂದಿ?”

“ಮೊದ್ಲ ಏನೂ ಅನ್ನಲಿಲ್ಲ. ಖುರ್ಚಿ ಸ್ವಲ್ಪ ಮುಂದ ಎಳಕೊಂಡೆ.”

ಕೆಲವು ವಾರ ಕಳೆದವು. ಒಂದು ಸಂಜೆ ನಸ್ರೀನ ಬಸ್ಸಿನಿಂದಿಳಿದು ಓಡುತ್ತಲೇ ಮನೆಗೆ ಬಂದಳು. ದಾರಿಯಲ್ಲೇ ಮೊಬೈಲಿಗೆ ರಿಸಲ್ಟ್ ಬಂದಿತ್ತು. ಪಾಸ್!

ಅಮ್ಮಿ ಅವಳ ಬಾಯಿಗೆ ಸಕ್ಕರೆ ಹಾಕಿದಳು. ದಾದಿ ಅವಳ ಕೆನ್ನೆ ಸವರಿ ನೆಟಿಕೆ ಮುರಿದಳು. ಅಬ್ಬಾ ಅಂಗಡಿಯಿಂದ ಹಸಿರು ಬಳೆ ತಂದು ಮನೆಯವರಿಗೆಲ್ಲ ತೊಡಿಸಿದ. ರುಕ್ಮವ್ವನಿಗೂ ಒಂದು ಡಜನ್ ಸಿಕ್ಕಿತು. ಸುಲತಾನಾ ಓಣಿಯ ತುಂಬ ಪೇಢೆ ಹಂಚಿ ಬಂದಳು. ಸೋನಾಲಿಗೆ ಎರಡು ಕೊಟ್ಟಳು. ನಿಜವಾಗಿಯೂ ಅವಳಿಗೆ ಖುಷಿಯಾಗಿತ್ತು. ಹಂಚಿ ಮುಗಿದ ಮೇಲೆ ಮಾತ್ರ ಒಳಗೆ ಬಂದು ಹೊರಸಿನ ಮೇಲೆ ಸುಮ್ಮನೆ ಕುಳಿತಳು.

ನಸ್ರೀನ ಸ್ಟೂಲ್ ತಂದು ಎದುರಿಗೆ ಕುಳಿತಳು. ಈಗ ಅವಳ ಕೈಯಲ್ಲಿ ಕಾರ್ಡಿರಲಿಲ್ಲ.

“ಗುಡ್ ಈವ್ನಿಂಗ್. ಹೌ ಆರ್ ಯೂ ಫೀಲಿಂಗ್ ಟುಡೇ?”

ಫೈನ್ ಎಂಬುದು ಸುಲತಾನಾಳ ನಾಲಿಗೆಯ ತುದಿಗೇ ಬಂತು. ಅವಳು ಒಂದಿಷ್ಟು ಯೋಚಿಸಿದಳು.

“ಹಾಫ್ ಫೈನ್, ಸಿಸ್ಟರ್.”

ನಸ್ರೀನ ನಗಲಿಲ್ಲ. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಅಂಗಳದಿಂದ ರುಕ್ಮವ್ವನ ದನಿ ಕೇಳಿಸಿತು. “ಮೊಮ್ಮಗಳು ಅಷ್ಟು ದೂರ ಹೊಂಟಾಳ ಹಜರಾಬಿ. ಹ್ಯಾಂಗ ಇರ್ತಿ ನೀ?”

“ನನಗೇನ್ ಆಗ್ಯಾದ ರುಕ್ಮವ್ವ? ಅಲ್ಲಿ ದಿನಾ ಮಳಿ ಬರ್ತದಂತ, ಚಲೋ ದೇಶ. ನಾ ಆರಾಮ ಅದೀನಿ.”

ಸುಲತಾನಾ ಬಾಗಿಲ ಕಡೆ ನೋಡಿದಳು. ದಾದಿ ಕಟ್ಟೆಯ ಮೇಲೆ ಕುಳಿತು ಹೊಸ ಬಳೆಗಳನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದಳು. ಅವಳ ಕಣ್ಣು ಬಳೆಗಳ ಮೇಲಿರಲಿಲ್ಲ. ಬಸ್ಸು ಬರುವ ದಾರಿಯ ಕಡೆಗಿತ್ತು.

ಸುಲತಾನಾ ಹೊರಸಿನಿಂದ ಕೆಳಗಿಳಿದಳು. “ಏಳ್ರಿ ಸಿಸ್ಟರ್,” ಎಂದು ಆಪಾಳನ್ನು ಎಬ್ಬಿಸಿ, ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ದಾದಿಯ ಮೊಣಕಾಲಿಗೆ ತಾಗುವಷ್ಟು ಹತ್ತಿರ ಅದನ್ನಿಟ್ಟಳು.

“ಮೊದ್ಲ ಈ ಪೇಶಂಟ್‌ನ್ನ ನೋಡ್ರಿ,” ಎಂದಳು. “ನನ್ನ ನಂಬರ ಆಮ್ಯಾಲ.”