ಗಾಜಿನ ಲೋಟದ ಸ್ಟಿಕ್ಕರ್

ಬೆಳಗ್ಗೆ ದಾನೇಶ್ವರಿ ಲೈನಿಗೆ ಬಂದಾಗ ಅವಳ ಜಾಗದಲ್ಲಿ ಒಂದು ಸ್ಟೂಲಿತ್ತು. ಅದರ ಕಾಲಿಗೆ ಕೆಂಪು ಸ್ಟಿಕ್ಕರ್: ಗಾಜಿನ ಲೋಟದ ಚಿತ್ರ, ಒಡೆಯುವ ಮಾಲಿನ ಡಬ್ಬಕ್ಕೆ ಡಿಸ್ಪ್ಯಾಚಿನವರು ಅಂಟಿಸುವಂಥದ್ದು.

ಬೊಮ್ಮಸಂದ್ರದ ಆ ಸ್ವಿಚ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ಹೆಂಗಸರು ದಿನವಿಡೀ ನಿಂತೇ ಸ್ಕ್ರೂ ತಿರುಗಿಸುತ್ತಾರೆ. ಕೂರುವ ಭಾಗ್ಯ ಕ್ಯಾಬಿನ್ನಿನವರಿಗೆ ಮಾತ್ರ.

ಅವಳು ತಿರುಗಿ ನೋಡಿದಳು. ಡಿಸ್ಪ್ಯಾಚಿನ ಶಟರಿನಾಚೆ ಅವಳ ಗಂಡ ಬಸಲಿಂಗ ಡಬ್ಬಕ್ಕೆ ಟೇಪು ಸುತ್ತುತ್ತಿದ್ದ. ನೋಡುತ್ತಿದ್ದಾಳೆಂದು ಗೊತ್ತಿದ್ದೂ ತಲೆ ಎತ್ತಲಿಲ್ಲ. ಮೀಸೆಯಂಚು ಮಾತ್ರ ನಕ್ಕಿತು. ಮದುವೆಯಾಗಿ ಒಂದೂವರೆ ವರ್ಷ. ಆ ಮೀಸೆಯಂಚಿಗೆ ಅವಳಿನ್ನೂ ಸೋಲುತ್ತಿದ್ದಳು.

ನೀರು ಕುಡಿಯುವ ನೆಪ ಮಾಡಿ ಹತ್ತಿರ ಹೋದಳು.

"ಯಾರ್ನ ಕೇಳಿ ಇಟ್ರಿ?"

"ವಸಂತ್ ಸಾರ್‌ನ. ನಿನಗ ಮೊಣಕಾಲು ನೋವು ಅಂದೆ."

"ಸುಳ್ಳು ಹೇಳಿದ್ರೇನು?"

"ಖರೇ ಹೇಳಬ್ಯಾಡ ಅಂದಾಕಿ ನೀನ. ನೀ ನಿಂದ್ರೂದು ನೋಡ್ಕೊಂತ ನಾ ಹ್ಯಾಂಗ ಸುಮ್ನಿರ್ಲಿ?"

ಖರೇ ಏನೆಂದರೆ ಅವಳಿಗೆ ಮೂರು ತಿಂಗಳು. ಹೋದ ವರ್ಷ ಇದೇ ಲೈನಿನ ವೇಣಿ ನಾಚಿಕೊಂಡು, ಒಬ್ಬಳೇ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ಬಸುರಿ ಎಂದಿದ್ದಳು. ಕಂಗ್ರಾಟ್ಸ್ ಎಂದು ಚಾಕಲೇಟ್ ಕೊಟ್ಟಿದ್ದರು. ಸೋಮವಾರ ಅವಳ ಕಾರ್ಡಿಗೆ ಗೇಟು ತೆರೆಯಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ಬರಬೇಕು?

ಟೀ ಹೊತ್ತಿಗೆ ಮೊಣಕಾಲಿನ ಸುದ್ದಿ ಲೈನು ತುಂಬ ಹಬ್ಬಿತ್ತು.

"ಎಕ್ಕದೆಲೆ ಬಿಸಿ ಮಾಡಿ ಕಟ್ಟೆ," ಎಂದಳು ಎಲ್ಲರಿಗಿಂತ ಹಿರಿಯಳಾದ ಅಂಜಿನಮ್ಮ. "ನಿನ್ ಗಂಡ ನೋಡು, ಇಂಗೆ ಸ್ಟೂಲ್ ಒತ್ಕೊಂಡು ತಿರುಗ್ತಾವ್ನೆ. ನಮ್ಮೆಜಮಾನ ನಂಗೊಂದು ಮಣೆ ಆಕಿದ್ದಿಲ್ಲ ಕಣೆ."

ನಗು ನಿಲ್ಲುವ ಮೊದಲೇ ಮ್ಯಾನೇಜರ್ ವಸಂತ್ ಬಂದರು.

"ದಾನೇಶ್ವರಿ, ನಿಂತ್ಕೊಳ್ಳೋಕಾಗಲ್ವಂತೆ. ನಾಳೆಯಿಂದ ಪ್ರಿಂಟಿಂಗ್‌ಗೆ ಹೋಗ್ಬಿಡಿ. ಕೂತ್ಕೊಂಡೇ ಮಾಡೋ ಕೆಲ್ಸ. ಥಿನ್ನರ್ ಹಾಕಿ ಒರೆಸೋದು ಅಷ್ಟೆ."

ಆ ಕೋಣೆಯಿಂದ ಎಲ್ಲರೂ ಥಿನ್ನರಿನ ಘಾಟಿಗೆ ತಲೆ ಹಿಡಿದುಕೊಂಡೇ ಹೊರಬರುತ್ತಿದ್ದರು. ದಾನೇಶ್ವರಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಶಟರಿನಾಚೆ ಟೇಪಿನ ಸದ್ದು ನಿಂತಿತು.

"ನಂಗ ಮೊಣಕಾಲು ನೋವಿಲ್ರಿ ಸಾರ್."

ವಸಂತ್ ಅವಳ ಕೈ ನೋಡಿದರು. "ಕ್ಯಾಬಿನ್‌ಗೆ ಬನ್ನಿ, ಮಾತಾಡೋಣ."

"ಇಲ್ಲೇ ಹೇಳ್ತೀನ್ರಿ. ನಾ ಬಸರಿ ಅದೀನಿ, ಮೂರು ತಿಂಗಳು. ಥಿನ್ನರ್ ಮುಟ್ಟಂಗಿಲ್ಲ. ಕೆಲಸಾನೂ ಬಿಡಂಗಿಲ್ಲ. ಹೆರಿಗಿ ರಜಾ ಕಾಂಟ್ರಾಕ್ಟಿನವರಿಗೂ ಐತಿ."

ಏಪ್ರನ್ನಿನ ಜೇಬಿನಿಂದ ಹೆರಿಗೆ ರಜೆಯ ಅರ್ಜಿಯ ಎರಡು ಪ್ರತಿ ತೆಗೆದಳು. ಹನ್ನೆರಡು ದಿನ ಜೇಬಿನಲ್ಲೇ ಇದ್ದು ಮಡಿಕೆ ಸವೆದಿತ್ತು. "ಒಂದು ನಿಮಗ. ಮುಟ್ಟಿತು ಅಂತ ಇನ್ನೊಂದಕ್ಕ ಸಹಿ ಹಾಕ್ರಿ."

"ಕಂಗ್ರಾಟ್ಸ್. ಎಚ್ಆರ್ ಕೇಳಿ ಹೇಳ್ತೀನಿ."

"ವೇಣಿಗೂ ಕಂಗ್ರಾಟ್ಸೇ ಅಂದಿದ್ರಿ ಸಾರ್," ಎಂದಳು ಅಂಜಿನಮ್ಮ.

ಗಂಟೆ ಹೊಡೆಯಿತು. ಬೆಲ್ಟು ಹೊರಟಿತು. ಯಾರೂ ಸ್ಕ್ರೂಡ್ರೈವರ್ ಎತ್ತಲಿಲ್ಲ. ಸ್ಕ್ರೂ ಇಲ್ಲದ ಸ್ವಿಚ್‌ಗಳು ಸಾಲಾಗಿ ತೇಲಿಹೋಗಿ ಬೆಲ್ಟಿನ ತುದಿಯಿಂದ ಟಪಟಪ ಉದುರತೊಡಗಿದವು. ವಸಂತ್ ಅವನ್ನು ನೋಡಿದರು, ಹೆಂಗಸರನ್ನು ನೋಡಿದರು, ಕೊನೆಗೆ ಪೆನ್ನು ತೆಗೆದರು. ಸಹಿಯ ಕೆಳಗೆ ದಿನಾಂಕವನ್ನೂ ದಾನೇಶ್ವರಿ ಹಾಕಿಸಿಕೊಂಡಳು.

"ಪ್ರಿಂಟಿಂಗ್ ಬೇಡ, ಇಲ್ಲೇ ಇರಿ," ಎಂದು ಅವರು ಹೊರಟುಹೋದರು.

ಹಳದಿ ಗೆರೆ ದಾಟಿ ಲೈನಿಗೆ ಬರಲು ಡಿಸ್ಪ್ಯಾಚಿನವರಿಗೆ ಅನುಮತಿ ಇಲ್ಲ. ಬಸಲಿಂಗ ಯಾವಾಗಲೋ ದಾಟಿ ಬಂದು, ಟೇಪು ಹಿಡಿದುಕೊಂಡೇ ಅವಳ ಬೆನ್ನ ಹಿಂದೆ ನಿಂತಿದ್ದ.

"ಬೈತೀಯೇನು?"

"ಸುಳ್ಳು ಹೇಳಿದ್ದಕ್ಕ ಮನ್ಯಾಗ ಬೈತೀನಿ." ಅವಳು ಬಗ್ಗಿ ಸ್ಟೂಲಿನ ಸ್ಟಿಕ್ಕರ್ ಕಿತ್ತು ಅವನ ಎದೆಗೆ ಅಂಟಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದಳು. ಒಳಗೆ ಡಬಡಬ ಹೊಡೆದುಕೊಳ್ಳುತ್ತಿದ್ದುದು ಕೈಗೆ ಸಿಕ್ಕಿತು. "ಒಡಿಯೋ ಮಾಲು ನಾನಲ್ರಿ. ಕಣ್ಣು ಒರೆಸ್ಕೊಳ್ರಿ, ಮಂದಿ ನೋಡಾಕತ್ತಾರ."

ಆಮೇಲೆ, ಎಲ್ಲರೆದುರು, ಅವಳು ಸ್ಟೂಲಿನ ಮೇಲೆ ಕೂತಳು.

"ಬಸಲಿಂಗಣ್ಣ," ಅಂಜಿನಮ್ಮ ಕೂಗಿದಳು, "ಇನ್ನಿಪ್ಪತ್ತೊಂದು ಸ್ಟೂಲ್ ಬೇಕು ನೋಡಪ್ಪ."

ಎದೆಯ ಸ್ಟಿಕ್ಕರ್ ಕೀಳದೆ, ಅವನು ತರಲು ಹೊರಟ.