ಕಬ್ಬು ತಿನ್ನದ ಗಾಣ

ಕೆ.ಆರ್. ಪೇಟೆ ತಾಲ್ಲೂಕಿನ ಚರಿತ್ರೆ ಬರೆಯುವವರು ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು: ಒಂದು ಮಂಗಳವಾರ, ಹೊಸಹೊಳಲಿನ ಶಾಲೆಯೊಂದರಲ್ಲಿ, ಅಂಗೈಯಗಲದ ಗಾಣವೊಂದು ಕಬ್ಬು ತಿನ್ನಲು ಸಾರಾಸಗಟಾಗಿ ನಿರಾಕರಿಸಿತು.

"ಮಿಸ್, ಇದು ಉಗೀತದೆ!" ಮಕ್ಕಳು ಕೇಕೆ ಹಾಕಿದವು.

ರಂಜಿತಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವ್ವ ತೀರಿಕೊಂಡ ಮೇಲೆ ಅವಳಿಗೆ ಯಾವುದೂ ಬರುವುದು ನಿಂತಿತ್ತು. ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಶಾಲೆಗಳಿಗೆ ವಿಜ್ಞಾನದ ಆಟಿಕೆ ವಿನ್ಯಾಸ ಮಾಡುವುದು ಅವಳ ಕೆಲಸ. ಅವಳ ಚಿತ್ರಗಳನ್ನು ಪ್ಲಾಸ್ಟಿಕ್ಕಿಗೆ ಇಳಿಸುವವನು ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ತ್ರೀಡಿ ಪ್ರಿಂಟರ್ ಇಟ್ಟುಕೊಂಡಿದ್ದ ಸಿದ್ದಾರ್ಥ. ಈ ಹಿಂದೆ ಅವನು ಕೊಟ್ಟ ಒಂದು ಮಾದರಿಯ ಹಿಡಿ ಕಳಚಿತ್ತು. ಇನ್ನೊಂದರಲ್ಲಿ ಕಬ್ಬಿನ ಸೀಳು ಜಾರಿ ಕೆಳಗೇ ಬಿದ್ದಿತ್ತು. ಈ ಸಲ ಎರಡು ರೋಲರುಗಳ ಗಿಯರುಗಳ ನಡುವೆ ಮೂರನೆಯದೊಂದು ಸೇರಿಕೊಂಡಿತ್ತು. ಎದುರುಬದುರು ತಿರುಗಿ ಕಬ್ಬನ್ನು ಒಳಗೆಳೆಯಬೇಕಾದ ರೋಲರುಗಳು ಒಂದೇ ಕಡೆ ತಿರುಗುತ್ತಿದ್ದವು. ಅವಳ ಚಿತ್ರದಲ್ಲಿ ಆ ಗಿಯರ್ ಇರಲೇ ಇಲ್ಲ.

ಕೇಳೋಣವೆಂದು ಅಂಗಡಿಗೆ ಹೋದರೆ ಸಿದ್ದಾರ್ಥ ಟೀ ತರಲು ಹೋಗಿದ್ದ. ಪ್ರಿಂಟರಿನ ಹಿಂದೆ ಇನ್ನೊಂದು ಗಾಣ ಕಂಡಿತು. ಗಿಯರುಗಳು ಎರಡೇ. ರೋಲರಿನಲ್ಲಿ ಒಣಗಿದ ಕಬ್ಬಿನ ಸಿಪ್ಪೆ. ಹಿಡಿ ತಿರುಗಿಸಿದಳು, ಬೆಣ್ಣೆಯಂತೆ ತಿರುಗಿತು.

ಟೀ ಹಿಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತ.

"ಇದ್ನ ಯಾವಾಗ ಮಾಡುದ್ರಿ?"

"ಮೊದಲ್ನೇದೇ ಅದು."

"ಸರಿಯಾಗೇ ಅದೆಯಲ್ಲಾ ಇದು!"

"ಅದುಕ್ಕೇ ಕೊಡ್ನಿಲ್ಲ. ಕೊಟ್ಬುಟ್ಟಿದ್ರೆ ನೀವು ಮತ್ತೆ ಈ ಕಡೆ ಬತ್ತಿದ್ರಾ?"

ಅವನ ಹುಬ್ಬಿಗೆ ಹಳದಿ ಪ್ಲಾಸ್ಟಿಕ್ ಎಳೆಯೊಂದು ಅಂಟಿತ್ತು. ಅವಳು ಕೈ ಚಾಚಿ ಅದನ್ನು ತೆಗೆದಳು. ಅವನು ಉಸಿರು ಬಿಡುವುದನ್ನೇ ಮರೆತ. ತನ್ನೊಳಗೂ ಏನಾದರೂ ಆಗುತ್ತದೇನೋ ಎಂದು ಅವಳು ಕಾದಳು. ಬೆರಳ ತುದಿ ಸ್ವಲ್ಪ ಬೆಚ್ಚಗಾಯಿತು, ಅಷ್ಟೆ.

"ನಂಗೇನೂ ಅನ್ನುಸ್ತಾ ಇಲ್ಲ ಕಣ್ರೀ. ಅವ್ವ ತೀರ್ಕಂಡಾಗ್ಲೂ ಅಳ್ನಿಲ್ಲ ನಾನು. ಇಂಥೋಳ್ನ ಕಟ್ಕಂಡು ಏನ್ಮಾಡೀರಿ?"

"ಅನ್ನುಸ್ದಿದ್ರೆ ಬುಡಿ. ಇಬ್ರಿಗಾಗೋವಷ್ಟು ನಂಗೇ ಅನ್ನುಸ್ತದೆ. ಊಟ ಆಯ್ತಾ?"

ಅವಳು ಚೀಲದಲ್ಲಿದ್ದ ಕಬ್ಬಿನ ಸೀಳೊಂದನ್ನು ಗಾಣಕ್ಕಿಟ್ಟು ಹಿಡಿ ತಿರುಗಿಸಿದಳು. ಕಬ್ಬಿನ ಹಾಲು ತೊಟ್ಟಿಕ್ಕಿ ಕೆಳಗಿನ ಪುಟ್ಟ ಲೋಟ ತುಂಬಿತು. ಕುಂದು ಹುಡುಕಿದರೂ ಸಿಗದು. ಒಪ್ಪಿಗೆ ಎಂದುಬಿಟ್ಟರೆ ಕೆಲಸ ಮುಗಿಯಿತು. ಮುಗಿದರೆ ಈ ಅಂಗಡಿಗೆ ಬರಲು ಅವಳಿಗೆ ನೆಪವೇ ಇಲ್ಲ. ಅವಳು ಬಹಳ ಹೊತ್ತು ಲೋಟವನ್ನೇ ನೋಡಿದಳು.

"ಲೋಟ ಚಿಕ್ಕದಾಯ್ತು."

"ಆಟದ ಲೋಟ ಕಣ್ರೀ! ಇನ್ನೆಷ್ಟ್ ದೊಡ್ಡದಿರ್ಬೇಕು?"

"ಇನ್ನೊಂದ್ಸಲ ಬಂದು ಯೋಳ್ತೀನಿ."

ಸಿದ್ದಾರ್ಥ ಅವಳ ಮುಖ ನೋಡಿದ. ಅಲ್ಲಿ ಏನೂ ಇರಲಿಲ್ಲ. ಆದರೂ ಅವನಿಗೆ ಅರ್ಥವಾಯಿತು.

"ಒಂದೇ ಸಲಕ್ಕೆ ಗೊತ್ತಾಗಾಕಿಲ್ಲ ಬುಡಿ. ನಾಳೀಕೂ ಬನ್ನಿ."

ಗಾಣ ಶಾಲೆಗಳಿಗೆ ಹೋದದ್ದು ಆರು ತಿಂಗಳು ತಡವಾಗಿ. ಅಷ್ಟರಲ್ಲಿ ಅವರಿಬ್ಬರ ಮದುವೆ ಆಗಿತ್ತು.