ಸೇತುವೆ ಕಳುವಾದ ಕೇಸು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹುಡುಗಿಯೊಬ್ಬಳು ಠಾಣೆಗೆ ಬಂದು ತನ್ನ ಸೇತುವೆ ಕಳುವಾಗಿದೆ ಅಂತ ದೂರು ಕೊಟ್ಟಳು.

ದೂರು ಬರೆದುಕೊಳ್ಳುತ್ತಿದ್ದ ಪೇದೆಗೆ ಠಾಣೆಯಲ್ಲಿ ಗುಟ್ಟಪ್ಪ ಅಂತ ಅಡ್ಡಹೆಸರು. ಗುಟ್ಟು ಅನ್ನೋದು ಅವನ ಬಾಯಲ್ಲಿ ಬಿಸಿ ಕಾಫಿಯಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ.

"ಯಾವ ಸೇತುವೆ ತಾಯಿ? ನಾನೀಗ ತಾನೇ ದಾಟಿ ಬಂದೆ. ಅಲ್ಲೇ ಇತ್ತಲ್ಲ?"

"ಅದಲ್ಲ ಸರ್. ಮಾಡೆಲ್ಲು. ತೆಳು ಮರದ ಕಡ್ಡಿದು. ತೋಳುದ್ದ ಇದೆ."

ಇನ್ಸ್‌ಪೆಕ್ಟರ್ ಮೇಡಂ ಒಳಗಿನಿಂದಲೇ ಕರೆದು ಕೂರಿಸಿಕೊಂಡರು. ಹುಡುಗಿ ಎಂಜಿನಿಯರಿಂಗ್ ಓದುತ್ತಿದ್ದವಳು. ಒಂದು ವರ್ಷ ಹೊರದೇಶದ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದಳು. ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನ ಇಲ್ಲಿಯವರು ಒಪ್ಪಬೇಕಾದರೆ, ಅಲ್ಲಿ ಕಟ್ಟಿದ ಸೇತುವೆ ನಿಜವಾಗಿ ಭಾರ ಹೊರುತ್ತೆ ಅಂತ ಶುಕ್ರವಾರ ಸಮಿತಿಯ ಮುಂದೆ ಸಾಬೀತಾಗಬೇಕು.

"ಆಗದಿದ್ರೆ?"

"ಆ ವರ್ಷ ಓದೇ ಇಲ್ಲ ಅಂತ ಲೆಕ್ಕ ಮೇಡಂ. ಅದೇ ಪಾಠ ಮತ್ತೆ ಒಂದು ವರ್ಷ. ಸಿಕ್ಕಿರೋ ಕೆಲಸಾನೂ ಹೋಯ್ತು."

ಕಳ್ಳತನದ ಎಫ್‌ಐಆರ್ ಆಯಿತು. ಮಧ್ಯಾಹ್ನ ಕಾಲೇಜಿನ ಅವಳ ವಿಭಾಗದಲ್ಲಿ ಸ್ಥಳ ಪಂಚನಾಮೆ. ಸೇತುವೆ ಇಟ್ಟಿದ್ದ ಬೀರುವಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಬ್ಬ ಅಟೆಂಡರ್, ಅವನು ಮಗಳ ಬಾಣಂತನಕ್ಕೆ ರಜೆ ಹಾಕಿ ಪರ ಊರಿಗೆ ಹೋಗಿದ್ದ. ಇನ್ನೊಬ್ಬರು ವಿಭಾಗದ ಮುಖ್ಯಸ್ಥರು, ಹುಡುಗಿಗೆ ಮೊದಲಿಂದ ಪಾಠ ಹೇಳಿದ ಮೇಷ್ಟ್ರು. ದೇವರಂಥ ಮನುಷ್ಯರು ಅಂತ ಹುಡುಗಿಯೇ ಹೇಳಿದಳು.

"ನೀವು ಬೀರು ತೆಗೆದಿದ್ರಾ ಸರ್?"

"ಧೂಳು ಹೊಡೆಯೋಕೆ ತೆಗೆದಿರಬಹುದು," ಅಂದರು ಮೇಷ್ಟ್ರು. "ಹೋಗ್ಲಿ ಬಿಡಿ. ಇನ್ನೊಂದು ವರ್ಷ ನನ್ನ ಕ್ಲಾಸಲ್ಲೇ ಕೂತು ಓದ್ಲಿ. ಅದರಲ್ಲಿ ನಷ್ಟ ಏನಿದೆ?"

ಮೇಡಂ ಆ ಮಾತನ್ನೂ ಬರೆದುಕೊಂಡರು.

ಹುಡುಗಿಯ ದೊಡ್ಡಮ್ಮನ ಮಗಳೂ ಅದೇ ತರಗತಿ. ಹೊರದೇಶದ ಆಯ್ಕೆಯಲ್ಲಿ ಕೂದಲೆಳೆಯಲ್ಲಿ ಅವಕಾಶ ಕಳೆದುಕೊಂಡವಳು. ಮಂಗಳವಾರ ಅವಳನ್ನ ಕರೆಸಿದರು.

"ತಂಗಿ ಮೇಲೆ ಹೊಟ್ಟೆಕಿಚ್ಚಿದೆಯೇನಮ್ಮ?"

"ಇದೆ ಮೇಡಂ. ಬೇಕಾದಷ್ಟಿದೆ."

ಗುಟ್ಟಪ್ಪ ಲಾಠಿ ಸರಿಮಾಡಿಕೊಂಡ. ಕೇಸು ಮುಗಿಯಿತು ಅಂತ ಅವನ ಅಂದಾಜು.

"ಆದ್ರೆ ಆ ಕಡ್ಡಿ ಕದ್ದು ನಾನೇನು ಒಲೆ ಹಚ್ಚಲಾ? ಅವಳು ಅಲ್ಲಿಂದ ಒಂದು ಕೆಂಪು ಕೋಟು ತಂದಿದ್ದಾಳೆ. ಅದು ಕಳುವಾದ್ರೆ ಮಾತ್ರ ಸೀದಾ ನಮ್ಮನೆಗೇ ಬನ್ನಿ."

ಅವಳನ್ನ ಬಿಟ್ಟು ಕಳಿಸಿದರು.

ಬುಧವಾರದ ಹೊತ್ತಿಗೆ ಠಾಣೆಗೆ ಬೇರೆ ಥರದ ದೂರುಗಳು ಶುರುವಾದವು. ವ್ಯಾಯಾಮಶಾಲೆಯಲ್ಲಿ ಡಂಬೆಲ್ ಇಲ್ಲ. ತರಕಾರಿಯವನ ತೂಕದ ಬಟ್ಟುಗಳಿಲ್ಲ, ಪಕ್ಕದಲ್ಲೇ ಬಾಯಿ ತೆರೆದುಕೊಂಡಿದ್ದ ಗಲ್ಲಾಪೆಟ್ಟಿಗೆ ಮುಟ್ಟಿಲ್ಲ. ವಕೀಲರ ಮನೆ ಜಗಲಿ ಮೇಲಿದ್ದ ಕಾನೂನು ಪುಸ್ತಕಗಳು ಮಾಯ. ವಕೀಲರು ಅವನ್ನ ಎಂದೂ ತೆರೆದಿರಲಿಲ್ಲವಾದ್ದರಿಂದ ಕಳುವಾದದ್ದು ಅವರಿಗೆ ಹೆಂಡತಿ ಹೇಳಿದ ಮೇಲೇ ಗೊತ್ತಾಯಿತು. ಎಲ್ಲವೂ ಒಂದೇ ಬೀದಿ.

"ಎಂಥ ಕಳ್ಳ ಮೇಡಂ ಇವನು!" ಅಂದ ಗುಟ್ಟಪ್ಪ. "ಬೆಲೆ ನೋಡಲ್ಲ, ಬರೀ ತೂಕ ನೋಡ್ತಾನೆ."

ಮೇಡಂ ಟೀ ಲೋಟ ಕೆಳಗಿಟ್ಟರು.

"ಸೇತುವೆ ಕದ್ದವನಿಗೆ ಆಮೇಲೆ ಏನು ಬೇಕಾಗುತ್ತೆ, ಹೇಳು?"

"ನದಿ ಮೇಡಂ."

"ಭಾರ ಕಣಯ್ಯ. ಆ ಬೀದೀಲಿ ಇನ್ಯಾರ ಮನೆ ಇದೆ?"

ಗುಟ್ಟಪ್ಪನ ಬಾಯಿ ಜೀವಮಾನದಲ್ಲಿ ಮೊದಲ ಸಲ ಕಟ್ಟಿತು. ಆ ಬೀದಿಯಲ್ಲಿದ್ದದ್ದು ಮೇಷ್ಟ್ರ ಮನೆ.

ಗುರುವಾರ ಸಂಜೆ ಶೋಧನಾ ವಾರಂಟ್ ತಗೊಂಡು ಹೋದರು. ಪಂಚರಾಗಿ, ಅಂದರೆ ಸ್ಥಳದ ಸಾಕ್ಷಿಗಳಾಗಿ, ಹಿಂದಿನ ಬೀದಿಯ ದರ್ಜಿ, ಜೊತೆಗೆ ಒಬ್ಬರು ನಿವೃತ್ತ ನರ್ಸು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ ಯಾಕೆ ಬಂದಿರಿ ಅಂತಲೂ ಕೇಳಲಿಲ್ಲ.

"ಹಿಂದಿನ ರೂಮಲ್ಲಿದ್ದಾರೆ. ಊಟ ತಿಂಡಿ ಎಲ್ಲ ಅಲ್ಲೇ. ನನ್ನ ಹೊಲಿಗೆ ಮೆಷಿನ್ನೂ ಹೊತ್ಕೊಂಡು ಹೋದ್ರು. ಅದೊಂದು ಕೊಡಿಸಿಬಿಡಿ, ಪುಣ್ಯ ಬರುತ್ತೆ."

ಎರಡು ಮೇಜುಗಳ ನಡುವೆ ಸೇತುವೆ ನಿಂತಿತ್ತು. ಮೇಲೊಂದು ಹಲಗೆ. ಹಲಗೆ ಮೇಲೆ ಡಂಬೆಲ್ಲು, ಬಟ್ಟು, ಕಾನೂನು, ಹೊಲಿಗೆ ಮೆಷಿನ್ನು. ಎಲ್ಲದರ ಮೇಲೆ ಮೇಷ್ಟ್ರು, ಕಾಲು ಮಡಚಿಕೊಂಡು, ತಪಸ್ಸಿಗೆ ಕೂತವರ ಹಾಗೆ. ಸೇತುವೆ ಕಿರ್ ಅಂತಲೂ ಅಂದಿರಲಿಲ್ಲ.

"ಕೆಳಗಿಳೀರಿ ಸರ್."

"ಸ್ವಲ್ಪ ತಡೀರಿ ತಾಯಿ. ಈಗ ಮುರಿಯುತ್ತೆ."

"ಇಳೀರಿ."

"ನಿಮ್ಮ ಪೇದೆ ಗಟ್ಟಿಮುಟ್ಟಾಗಿದ್ದಾನೆ. ಒಂದೇ ಒಂದು ನಿಮಿಷ ಹತ್ತಿಸಿ."

ಗುಟ್ಟಪ್ಪ ಆಸೆಯಿಂದ ಮೇಡಂ ಕಡೆ ನೋಡಿದ. ಮೇಡಂ ನೋಡಿದ ನೋಟಕ್ಕೆ ಹಿಂದೆ ಸರಿದ.

ಇದ್ದದ್ದನ್ನ ಇದ್ದ ಹಾಗೇ ಪಂಚನಾಮೆಯಲ್ಲಿ ಬರೆಸಿದರು. ಪ್ರತಿಯೊಂದರ ತೂಕ, ಕೊನೆಗೆ ಮೇಷ್ಟ್ರದ್ದೂ. ಪಂಚರ ಸಹಿ ಆಯಿತು. ಆಮೇಲೆ ದಸ್ತಗಿರಿ.

ಠಾಣೆಯಲ್ಲಿ ಮೇಡಂ ಕೇಳಿದರು, "ಮುರೀಲೇಬೇಕು ಅಂತಿದ್ರೆ ಮನೇಲಿ ಸುತ್ತಿಗೆ ಇರಲಿಲ್ವಾ?"

"ಸುತ್ತಿಗೇಲಿ ಒಡೆದ್ರೆ ಅವನು ಸೋತ ಹಾಗಾಯ್ತಾ?"

"ಅವನು ಅಂದ್ರೆ?"

"ಅಲ್ಲಿನ ಮೇಷ್ಟ್ರು!" ಮೇಷ್ಟ್ರು ಮೇಜು ಗುದ್ದಿದರು. "ಮೊದಲ ದಿನದಿಂದ ಇವಳು ನನ್ನ ಕ್ಲಾಸಲ್ಲಿ ಮುಂದಿನ ಬೆಂಚು. ಕಡ್ಡಿಗೆ ಕಡ್ಡಿ ಕೂರಿಸೋದು ಹೇಳಿಕೊಟ್ಟೋನು ನಾನು. ಒಂದು ವರ್ಷ ಹೋಗಿ ಬಂದ್ಲು, ಬಾಯಿ ಬಿಟ್ರೆ 'ನಮ್ಮ ಸರ್ ಹೀಗಂದ್ರು, ನಮ್ಮ ಸರ್ ಹಾಗಂದ್ರು'. ನಮ್ಮ ಸರ್ ಅಂತೆ! ಹಾಗಾದ್ರೆ ನಾನ್ಯಾರು, ಬಾಡಿಗೆಗೆ ಬಂದೋನಾ?" ಆಮೇಲೆ ಮುಂದಕ್ಕೆ ಬಗ್ಗಿ ಮೆಲ್ಲಗೆ ಕೇಳಿದರು, "ಅವನಿಗೆ ವಯಸ್ಸೆಷ್ಟಂತೆ? ಏನಾದ್ರೂ ಗೊತ್ತಾಯ್ತಾ?"

ಇನ್ನೊಂದು ತೊಡಕಿತ್ತು. ಸೇತುವೆ ಈಗ ಮುದ್ದೆಮಾಲು, ಕೇಸಿಗೆ ಜಪ್ತಿಯಾದ ವಸ್ತು. ಕೋರ್ಟಿನ ಅಪ್ಪಣೆ ಇಲ್ಲದೆ ಕೊಡುವ ಹಾಗಿಲ್ಲ, ಕೋರ್ಟಿಗೆ ಶುಕ್ರವಾರದಿಂದ ಸೋಮವಾರದವರೆಗೆ ರಜೆ. ಹುಡುಗಿ ಅಳೋಕೆ ಶುರು ಮಾಡಿದಳು. ಮೇಡಂ ಸಮಿತಿಯ ನಿಯಮ ತರಿಸಿ ಓದಿದರು. ಸೇತುವೆ ಎದುರಿಗಿರಬೇಕು ಅಂತ ಎಲ್ಲೂ ಇರಲಿಲ್ಲ. ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳ ಎದುರು ಭಾರ ಹೊತ್ತಿರಬೇಕು ಅಂತಷ್ಟೇ ಇತ್ತು.

ಶುಕ್ರವಾರ ಗುಟ್ಟಪ್ಪ ಪಂಚನಾಮೆಯ ನಕಲು ಹಿಡಿದು ಸಮಿತಿಯ ಮುಂದೆ ನಿಂತ. ಡಂಬೆಲ್, ಬಟ್ಟು, ಕಾನೂನು ಪುಸ್ತಕ, ಹೊಲಿಗೆ ಮೆಷಿನ್ನು, ವಿಭಾಗದ ಮುಖ್ಯಸ್ಥರು ಅಂತ ಒಂದೊಂದಾಗಿ ಓದಿದ. ಇದಕ್ಕಿಂತ ದೊಡ್ಡ ಪರೀಕ್ಷೆ ತಾವೂ ಮಾಡಲಾರೆವು ಅಂತ ಸಮಿತಿ ಅಷ್ಟೂ ಕ್ರೆಡಿಟ್ ಒಪ್ಪಿತು.

ಸಂಜೆ ಹುಡುಗಿ ಸುದ್ದಿ ಹೇಳೋಕೆ ಠಾಣೆಗೆ ಬಂದಳು. ಲಾಕಪ್ಪಿನ ಸರಳಿನ ಆಚೆ ಮೇಷ್ಟ್ರು ಗೋಡೆ ನೋಡುತ್ತ ಕೂತಿದ್ದರು. ಕ್ಷಮೆ ಗಿಮೆ ಕೇಳಲಿಲ್ಲ.

"ಮಧ್ಯದ ಕೀಲು ಹೇಗೆ ಕೂರಿಸಿದ್ದೆ?"

"ನೀವು ಹೇಳಿಕೊಟ್ಟ ಹಾಗೇ ಸರ್. ಅಲ್ಲಿ ಬೇಡ ಅಂದ್ರು. ನಾನು ಕೇಳಲಿಲ್ಲ."

ಮೇಷ್ಟ್ರು ಎದ್ದು ಸರಳಿನ ಹತ್ತಿರ ಬಂದರು.

ಮೇಡಂ ಕಡತದಲ್ಲಿ ಕೃತ್ಯದ ಕಾರಣ ಅನ್ನೋ ಕಡೆ 'ಹೊಟ್ಟೆಕಿಚ್ಚು' ಅಂತ ಬರೆದು ಮುಚ್ಚುತ್ತಿದ್ದರು. ಒಳಗಿಂದ ಮೇಷ್ಟ್ರ ದನಿ ಕೇಳಿಸಿತು.

"ಯಾರು ಬೇಡ ಅಂದಿದ್ದು? ಅವನೇನಾ? ಇನ್ನೊಂದ್ಸಲ ಹೇಳು."